ಇಬ್ಬರ ಹೆಸರಿನ ಕೊನೆಯ ತೆರಿಗೆ ಪತ್ರ

ನಲವತ್ತೊಂದು ವರ್ಷಗಳಲ್ಲಿ ಎಮಿಲ್ ಕೊವಾರಿಕ್ ಒಮ್ಮೆಯೂ ತನ್ನ ತೆರಿಗೆ ಪತ್ರವನ್ನು ಓದಿದವನಲ್ಲ. ಓದುವುದು, ಕೂಡುವುದು, ಬರೆಯುವುದು ಎಲ್ಲ ಹೆಂಡತಿ ಆಲ್ವಿನಾಳದು. ಮುಗಿದ ಮೇಲೆ ಅವನು ಸಹಿ ಹಾಕಬೇಕಾದ ಗೆರೆಯ ತುದಿಗೆ ಪೆನ್ಸಿಲ್ಲಿನಲ್ಲಿ ಸಣ್ಣದೊಂದು ಕತ್ತರಿ ಗುರುತು ಹಾಕಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟಿರುತ್ತಿದ್ದಳು. ಅವನು ಕೊಟ್ಟಿಗೆಯಿಂದ ಬಂದು, ಕೈ ತೊಳೆದು, ಗುರುತಿನ ಪಕ್ಕ ಹೆಸರು ಗೀಚಿ ಊಟಕ್ಕೆ ಕೂರುತ್ತಿದ್ದ. ಅಮೆರಿಕದ ನೆಬ್ರಾಸ್ಕಾದ ಬೇಸಾಯಗಾರರಿಗೆ ಮಾರ್ಚ್ ಒಂದಕ್ಕೇ ತೆರಿಗೆಯ ಗಡುವು. ಹಸುಗಳು ಸಾಲಾಗಿ ಕರು ಹಾಕುವುದೂ ಆಗಲೇ. ಹೊರಗಿನದು ಅವನಿಗೆ, ಒಳಗಿನದು ಅವಳಿಗೆ ಎಂದು ಯಾರೂ ಹೇಳಿಕೊಡದೆ ಪಾಲಾಗಿಬಿಟ್ಟಿತ್ತು.

ಅಕ್ಟೋಬರಿನಲ್ಲಿ, ಮುಸುಕಿನ ಜೋಳದ ಕೊಯ್ಲು ಅರ್ಧವಾಗಿದ್ದಾಗ, ಆಲ್ವಿನಾ ತೀರಿಕೊಂಡಳು.

ಫೆಬ್ರವರಿಯಲ್ಲಿ ಒಂದು ದಿನ ಎಮಿಲ್‌ನ ಅಕ್ಕ ವಿಲ್ಮಾ ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ಮಾಡಿಕೊಂಡು ಬಂದಳು. ತಟ್ಟೆ ಇಡಲು ಮೇಜಿನ ಮೇಲೆ ಜಾಗವಿರಲಿಲ್ಲ. ರಸೀದಿ ತುಂಬಿದ ಶೂ ಡಬ್ಬ, ಸರ್ಕಾರದ ಹಾಳೆಗಳು, ಸೂಚನೆಗಳ ಪುಸ್ತಿಕೆ.

"ಲೋ, ಇದನ್ನೆಲ್ಲ ಬಾಚ್ಕೊಂಡು ಹೋಗಿ ಡಾರ್ಲಾಗೆ ಕೊಟ್ಟು ಬಾರೋ. ಅರ್ಧ ಊರಿಗೆ ತೆರಿಗೆ ಬರೆದುಕೊಡೋದು ಅವಳೇ ತಾನೆ?"

"ನಾನೇ ಬರೀತೀನಿ."

"ನೀನಾ? ದನ ಎಣಿಸೋಕೆ ಹೋಗಿ ಮೂರು ಸಲಕ್ಕೆ ಮೂರು ಲೆಕ್ಕ ಹೇಳೋನು!"

"ದನ ಓಡಾಡ್ತವೆ ಕಣಕ್ಕ. ಅಂಕಿ ಇಟ್ಟಲ್ಲೇ ಇರ್ತವೆ."

ವಿಲ್ಮಾ ನಗಲಿಲ್ಲ. ಆದರೆ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳೂ ಅಲ್ಲ. ಮರುದಿನ ಬೆಳಿಗ್ಗೆ ಸಹಕಾರಿ ಸಂಘದಲ್ಲಿ ಕಾಫಿಗೆ ಕೂತಿದ್ದವರು ಅವನನ್ನು ಕಾಯುತ್ತಲೇ ಇದ್ದರು.

"ಏನಯ್ಯಾ ಎಮಿಲ್, ಈ ಸಲ ತೆರಿಗೆ ನೀನೇ ಬರೀತೀಯಂತೆ?"

"ಜೈಲಿಗೆ ಹೋಗೋ ಮುಂಚೆ ಹೇಳು ಮಾರಾಯ, ನಿನ್ನ ಕೆಂಪು ಹೋರಿ ನಾನು ನೋಡ್ಕೋತೀನಿ."

"ಹೋರಿ ನಿನಗಿಂತ ಬುದ್ಧಿವಂತ. ನಿನ್ನ ಹತ್ರ ಒಂದು ದಿನ ನಿಲ್ಲಲ್ಲ," ಎಂದು ಎಮಿಲ್ ಲೋಟ ತುಂಬಿಸಿಕೊಂಡ.

ಹಟದ ಕಾರಣವನ್ನು ಅವನು ಯಾರಿಗೂ ಹೇಳಲಿಲ್ಲ. ಪುಸ್ತಿಕೆಯಲ್ಲಿ ಒಂದು ಸಾಲು ಇತ್ತು. ವರ್ಷದ ನಡುವೆ ಗಂಡನೋ ಹೆಂಡತಿಯೋ ಸತ್ತಿದ್ದರೆ, ಆ ಒಂದು ವರ್ಷದ ಮಟ್ಟಿಗೆ ಇಬ್ಬರ ಹೆಸರಿನಲ್ಲೂ ಜಂಟಿಯಾಗಿಯೇ ಪತ್ರ ಕೊಡಬಹುದು. ಬ್ಯಾಂಕಿನವರು ಅವಳ ಹೆಸರನ್ನು ಹೊಡೆದುಹಾಕಿ ಆಗಿತ್ತು. ಚರ್ಚಿನವರು ಬೇರೆ ಪುಟಕ್ಕೆ ದಾಟಿಸಿದ್ದರು. ಇಲ್ಲೊಂದು ಕಡೆ, ಇದೊಂದು ಸಲ, ಅವರಿಬ್ಬರೂ ಇನ್ನೂ ಗಂಡ ಹೆಂಡಿರು. ಆ ಹಾಳೆಯನ್ನು ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ.

ಅದರ ಕೆಳಗೇ ಇನ್ನೊಂದು ಸೂಚನೆ ಇತ್ತು: ಸತ್ತವರ ಹೆಸರಿನ ಪಕ್ಕ 'ದಿವಂಗತ' ಎಂದು ಬರೆದು ದಿನಾಂಕ ಹಾಕಬೇಕು. ಅದನ್ನೂ ಓದಿದ. ಓದಿ ಪುಟ ಮಗುಚಿದ.

ಹತ್ತೊಂಬತ್ತು ದಿನ ಹಿಡಿಯಿತು. ಕರು ಹಾಕುವ ಹಸುಗಳ ನಡುವೆ ಬಿಡುವಾದಾಗ ಬಂದು, ಕನ್ನಡಕ ಒರೆಸಿ, ಹಿಂದಿನ ವರ್ಷದ ಪ್ರತಿಯನ್ನು ಎಡಗಡೆ ಇಟ್ಟುಕೊಂಡು ಕೂರುತ್ತಿದ್ದ. ಅವಳು ಏಳರ ಅಂಕಿಗೆ ಸೊಂಟದಲ್ಲೊಂದು ಅಡ್ಡಗೆರೆ ಎಳೆಯುತ್ತಿದ್ದಳು. ಮೂರನೆಯ ದಿನಕ್ಕೆ ಅವನ ಏಳೂ ಹಾಗೇ ಆಯಿತು. ಹುಲ್ಲಿನ ಹೊರೆ ಕಟ್ಟುವ ಹುರಿ, ಬೇಲಿಯ ಮೊಳೆ, ಕರುವಿನ ಭೇದಿಗೆ ತಂದ ಔಷಧಿ, ಒಂದನ್ನೂ ಬಿಟ್ಟಿರಲಿಲ್ಲ ಅವಳು. ಇಷ್ಟನ್ನೆಲ್ಲ ಒಬ್ಬಳೇ ಕೂತು ಮಾಡುತ್ತಿದ್ದಾಗ ತಾನು ಬಂದು ಊಟ ಆಯಿತಾ ಎಂದಷ್ಟೇ ಕೇಳುತ್ತಿದ್ದೆನಲ್ಲ ಎಂದುಕೊಂಡ. ಒಂದು ಮಧ್ಯಾಹ್ನ ಯಂತ್ರಗಳ ಸವಕಳಿ ಲೆಕ್ಕದ ಹಾಳೆ ಬಗೆಹರಿಯದೆ, "ಇದೇನೇ ಇದು?" ಎಂದು ಗಟ್ಟಿಯಾಗಿ ಕೇಳಿಬಿಟ್ಟು, ಎದ್ದು ಹೊರಗೆ ಹೋದ. ಆ ದಿನ ಮತ್ತೆ ಪೆನ್ನು ಹಿಡಿಯಲಿಲ್ಲ.

ಮುಗಿದಾಗ ತನ್ನ ಗೆರೆಯ ಮೇಲೆ ಸಹಿ ಹಾಕಿದ. ಕೆಳಗಿನ ಗೆರೆ ಅವಳದು. ಕೈ ತಾನಾಗಿ ಪೆನ್ಸಿಲ್ ತೆಗೆದುಕೊಂಡು, ಅದರ ತುದಿಗೆ ಸಣ್ಣದೊಂದು ಕತ್ತರಿ ಗುರುತು ಹಾಕಿತು. ಸ್ವಲ್ಪ ಹೊತ್ತು ನೋಡಿದ. ಹಾಗೇ ಮಡಿಸಿ ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟ.

ಏಪ್ರಿಲ್ ಕೊನೆಗೆ ತೆರಿಗೆ ಕಚೇರಿಯಿಂದ ಪತ್ರ ಮರಳಿ ಬಂತು. ಜೊತೆಗಿದ್ದ ಕಾಗದ ಮರ್ಯಾದೆಯಿಂದಲೇ ಕೇಳಿತ್ತು: ಪತ್ನಿಯ ಸಹಿ ಇಲ್ಲ, ಹಾಕಿಸಿ ಕಳಿಸಿ.

ಅದನ್ನು ಒಂದು ವಾರ ರೇಡಿಯೋ ಹಿಂದೆ ಇಟ್ಟಿದ್ದ. ಆಮೇಲೆ ಒಗೆದ ಅಂಗಿ ಹಾಕಿಕೊಂಡು ಡಾರ್ಲಾಳಲ್ಲಿಗೆ ಹೋದ. ಅಂಚೆ ಕಚೇರಿಯ ಪಕ್ಕ ಅವಳ ಮನೆಯ ಮುಂಭಾಗದ ಕೋಣೆಯೇ ಕಚೇರಿ. ಅವಳು ಸಾಲು ಸಾಲಿಗೂ ಬೆರಳಿಟ್ಟು ಮುಕ್ಕಾಲು ಗಂಟೆ ನೋಡಿದಳು. ಅವನು ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದ.

"ಒಂದು ಅಂಕಿ ತಪ್ಪಿಲ್ಲ ಕೊವಾರಿಕ್ ಅವರೇ. ನನಗೆ ಕೆಲಸವನ್ನೇ ಉಳಿಸಿಲ್ಲ ನೀವು. ಆಲ್ವಿನಾ ಅವರ ಹೆಸರಿನ ಪಕ್ಕ ಒಂದು ಮಾತು, ತಾರೀಖು. ಕೆಳಗೆ, ಬದುಕಿರೋ ಸಂಗಾತಿಯಾಗಿ ಸಲ್ಲಿಸ್ತಿದೀನಿ ಅಂತ. ಅಷ್ಟೇ ಬಿಟ್ಟಿರೋದು."

"ಗೊತ್ತು. ಓದಿದ್ದೆ."

ಡಾರ್ಲಾ ತಲೆಯೆತ್ತಿದಳು.

"ಅದೊಂದು ನೀನು ಬರೆದುಬಿಡಮ್ಮ," ಎಂದ ಎಮಿಲ್. "ನಿನ್ನ ದರ ಎಷ್ಟೋ ಅಷ್ಟೂ ಕೊಡ್ತೀನಿ. ಅದಕ್ಕೇ ಬಂದಿದ್ದು."

ಅವಳು ಬರೆದಳು. ದುಂಡಗಿನ, ಪರಿಚಯವಿಲ್ಲದ ಅಕ್ಷರ. ದಿವಂಗತ, ಅಕ್ಟೋಬರ್ ಒಂಬತ್ತು. ಆಮೇಲೆ ಹಾಳೆಯನ್ನು ಅವನ ಕಡೆ ತಿರುಗಿಸಿದಳು. "ಕೆಳಗಿಂದು ಮಾತ್ರ ನನ್ನ ಕೈಲಾಗಲ್ಲ. ಅದು ನಿಮ್ಮ ಅಕ್ಷರವೇ ಆಗ್ಬೇಕು. ಇದೇನು ಇಲ್ಲಿ ಪೆನ್ಸಿಲ್ ಗುರುತು? ಅಳಿಸ್ಲಾ?"

"ಬೇಡ. ಎಲ್ಲಿ ಬರೀಬೇಕು ಅಂತ ಗೊತ್ತಾಗ್ಲಿ ಅಂತ ಹಾಕಿದ್ದು."

ಅವಳು ರಬ್ಬರನ್ನು ಡ್ರಾಯರಿಗೆ ಹಾಕಿದಳು. ಎಮಿಲ್ ಗುರುತಿನ ಪಕ್ಕದಿಂದ ಶುರುಮಾಡಿ ಬರೆದ. 'ಬದುಕಿರುವ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಆಮೇಲೆ ಉಳಿದದ್ದನ್ನೂ ಬರೆದು ಮುಗಿಸಿದ.

"ಮುಂದಿನ ವರ್ಷ?"

"ಮುಂದಿನ ವರ್ಷ ನಿಮ್ಮದೊಂದೇ ಹೆಸರು."

ಎಮಿಲ್ ತಲೆಯಾಡಿಸಿ ಎದ್ದು ಟೋಪಿ ಹಾಕಿಕೊಂಡ.

"ಹಾಗಾದ್ರೆ ರಸೀದಿ ಡಬ್ಬ ನಿನಗೇ ತಂದುಕೊಡ್ತೀನಮ್ಮ. ಅದನ್ನ ಯಾರು ಬರೆದ್ರೂ ಒಂದೇ."