ಚಂದ್ರಕುಮಾರರು ಇಳಿಸಿದ ಗೀಸರು

ಬೀರೂರಿನ ಚಂದ್ರಕುಮಾರರು ಯಾವ ಗೀಸರನ್ನೂ ಸತ್ತುಹೋಯಿತೆಂದು ಒಪ್ಪಿಕೊಂಡವರಲ್ಲ. ಸ್ನಾನದ ಮನೆಗೆ ಬಂದವರು ಮೊದಲು ತಣ್ಣಗೆ ನಿಂತ ಟ್ಯಾಂಕಿನ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಕಣ್ಣು ಅರೆಮುಚ್ಚಿ, ನಾಡಿ ಹಿಡಿದ ಪಂಡಿತರಂತೆ ನಿಲ್ಲುವರು. ಆಮೇಲೆ, "ಇದಕ್ಕಿನ್ನೂ ಜೀವ ಐತೆ ಕಣ್ರೀ" ಎನ್ನುವರು. ಆ ಒಂದು ಮಾತಿಗೆ ಹೊಸದು ಕೊಳ್ಳುವ ಯೋಚನೆಯನ್ನೇ ಬಿಟ್ಟ ಮನೆಗಳು ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಬಹಳ.

ಲಕ್ಕವಳ್ಳಿ ಅಣೆಕಟ್ಟಿನ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಲ್ಲಿಯ ಖಾಕಿ ಕೋಟನ್ನು ಬಿರುಬಿಸಿಲಲ್ಲೂ ಕಳಚರು. ಅದರ ಜೇಬುಗಳಲ್ಲಿ ಟೆಸ್ಟರು, ವಾಷರು, ಟೇಪುಗಳ ಜೊತೆಗೆ ಸದಾ ಒಂದಿಷ್ಟು ಹುರಿಗಡಲೆ. ಎಡಗಿವಿ ಮಂದವಾದ್ದರಿಂದ ಬಲಭುಜವನ್ನು ಮುಂದೆ ಮಾಡಿ, ಜಗತ್ತಿನ ಮಾತನ್ನೆಲ್ಲ ಓರೆಯಾಗಿ ಆಲಿಸುತ್ತ ನಡೆವ ಅವರ ನಡಿಗೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದಲೇ ಗುರುತಿಸಬಹುದು. ವಿನಯವೆಂಬುದು ಅವರ ಹತ್ತಿರ ಸುಳಿದದ್ದಿಲ್ಲ. ಕಂಪನಿಯವನು ಎಸೆಯಿರೆಂದಿದ್ದ ನನ್ನ ಮನೆಯ ಗೀಸರನ್ನು ಬಿಚ್ಚಿ, ಬೋರ್‌ವೆಲ್ ನೀರಿನ ಉಪ್ಪು ಸುಣ್ಣದಂತೆ ಮೆತ್ತಿದ್ದ ಕಾಯಿಲನ್ನು ಬದಲಿಸಿ, ಹಬೆಯಾಡುವ ನೀರನ್ನು ತೋರಿಸಿ, ಬೀದಿಯವರಿಗೆಲ್ಲ ಕೇಳುವಂತೆ ತಮ್ಮನ್ನು ತಾವೇ ಹೊಗಳಿಕೊಂಡಿದ್ದರು.

ಕಡೂರಿನಲ್ಲಿ ನನ್ನ ಪಕ್ಕದ ಮನೆಯ ದ್ಯಾವಮ್ಮನಿಗೆ ಅವರ ಮೇಲೆ ಅಪಾರ ನಂಬಿಕೆ. ಆಕೆಯ ಗಂಡ ಈರಭದ್ರಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಬೆಳಗಿನ ಬಿಸಿನೀರಿನ ಸ್ನಾನವೊಂದೇ ಆತನಿಗೆ ಹಿತ. ಆ ನೀರು ಕಾಯಿಸುವ ಗೀಸರು, ಮೈಯಲ್ಲಿ ಶಕ್ತಿಯಿದ್ದಾಗ ಆತನೇ ಹೆಗಲ ಮೇಲೆ ಹೊತ್ತು ತಂದದ್ದು. ಅದರ ಟ್ಯಾಂಕಿನ ತಳ ತುಕ್ಕು ತಿಂದು ಸೋರತೊಡಗಿದಾಗ ಚಂದ್ರಕುಮಾರರು ತೂತಿಗೆ ಅಂಟು ಮೆತ್ತಿ, ಇನ್ನು ಚಿಂತೆಯಿಲ್ಲವೆಂದು ಎದೆ ತಟ್ಟಿಕೊಂಡು ಹೋಗಿದ್ದರು.

ಈ ಸಲದ ಚಳಿಗಾಲದ ಒಂದು ಬೆಳಿಗ್ಗೆ, ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ದ್ಯಾವಮ್ಮ ಹೇಳಿಕಳಿಸಿದಳು. ಚಂದ್ರಕುಮಾರರು ಬಂದವರೇ ನಲ್ಲಿಗೆ ಟೆಸ್ಟರ್ ತಾಗಿಸಿದರು. ಅದು ಕೆಂಪಗೆ ಹೊತ್ತಿಕೊಂಡಿತು. ಧಾವಿಸಿ ಮೇನ್ ಸ್ವಿಚ್ ಇಳಿಸಿ, ಗೀಸರಿನ ಕೆಳಗಿನ ಮುಚ್ಚಳ ತೆಗೆದರು. ಅವರು ಮೆತ್ತಿದ್ದ ಅಂಟು ಬಿರಿದು, ನೀರು ವೈರುಗಳ ಬುಡಕ್ಕೇ ತೊಟ್ಟಿಕ್ಕುತ್ತಿತ್ತು. ಆ ಹಳೆಯ ಮನೆಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಂಬುದೇ ಇರಲಿಲ್ಲ. ಗೋಡೆಗೊರಗಿಸಿದ ಕುರ್ಚಿಯಲ್ಲಿ ಈರಭದ್ರಪ್ಪ ಸ್ನಾನಕ್ಕೆಂದು ಕಾಯುತ್ತಿದ್ದ. ಕೈ ಜುಮ್ಮೆಂದರೂ ಹೇಳಲು ಆತನಿಗೆ ಬಾಯಿಲ್ಲ.

ಚಂದ್ರಕುಮಾರರು ಒದ್ದೆ ನೆಲದ ಮೇಲೆ ಕೂತುಬಿಟ್ಟರು.

"ತಪ್ಪು ನಂದು ಅಕ್ಕಾ. ಹೋದ್ಸಲವೇ ಇದನ್ನ ಇಳಿಸ್ಬೇಕಿತ್ತು. ನನ್ನ ಜಂಬ ಬಿಡ್ಲಿಲ್ಲ."

ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಆಕೆಯೇ ಸಮಾಧಾನ ಹೇಳಿದಳು. ಆಮೇಲೆ, "ನಮ್ಮೋರು ತಂದಿದ್ದು ಕಣಪ್ಪಾ. ಏನಾರ ಮಾಡಿ ಉಳಿಸ್ಕೊಡು" ಎಂದು ಬೇಡಿಕೊಂಡಳು.

"ತಂದೋರ್ನ ಉಳಿಸ್ಕಳಣ ಅಕ್ಕಾ. ಇದನ್ನ ಬಿಡು."

ಮತ್ತೆ ಯಾರೂ ಜೋಡಿಸದಂತೆ ವೈರನ್ನು ಬುಡಕ್ಕೇ ಕತ್ತರಿಸಿ, ಗೀಸರನ್ನು ಗೋಡೆಯಿಂದಿಳಿಸಿ, ಬೀರೂರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಬೀರೂರಿನಿಂದ ಒಂದು ಆಟೋ ಬಂತು. ಅದರಲ್ಲಿ ಅವರು, ಅವರ ಹೆಂಡತಿ ಉಚ್ಚಂಗಮ್ಮ, ಆಕೆಯ ತೊಡೆಯ ಮೇಲೆ ಕಂಬಳಿ ಸುತ್ತಿದ ಗೀಸರು. ತಮ್ಮ ಮನೆಯದನ್ನೇ ಬಿಚ್ಚಿ ತಂದಿದ್ದರು. ನಿಮಗೆ ನೀರು ಹೇಗೆಂದು ನಾನು ಉಚ್ಚಂಗಮ್ಮನನ್ನು ಕೇಳಿದೆ. ಒಲೆಯಿದೆ, ಪಾತ್ರೆಯಿದೆ, ಇವರ ಮುಖ ನೋಡಿ ತಾನೇ ಬಿಚ್ಚಿಸಿದೆ ಎಂದರು. ಹಿತ್ತಿಲಲ್ಲಿ ಗುಂಡಿ ತೋಡಿ ಅರ್ಥಿಂಗ್ ಹೂಳುವಾಗ ಹಾರೆಯನ್ನು ನನ್ನ ಕೈಗೆ ಕೊಡಲು ಚಂದ್ರಕುಮಾರರು ಒಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ಮೊದಲು ಟೆಸ್ಟರನ್ನೂ ಆಮೇಲೆ ತಮ್ಮ ಕೈಯನ್ನೂ ನೀರಿಗೊಡ್ಡಿ, ಅಂದು ತಾವೇ ಈರಭದ್ರಪ್ಪನನ್ನು ಮೀಯಿಸಿದರು. ಆತ ಎಡಗೈಯೆತ್ತಿ ಅವರ ತೊಯ್ದ ಕೋಟಿನ ತೋಳನ್ನು ಹಿಡಿದುಕೊಂಡ. ನೀರೆಲ್ಲ ಮುಗಿದರೂ ಬಿಡಲಿಲ್ಲ.

ಅದಾದ ಮೇಲೆ ಅವರು ತಾವು ಅಂಟು ಮೆತ್ತಿದ್ದ ಮನೆಗಳನ್ನೆಲ್ಲ ಹುಡುಕಿಕೊಂಡು ಹೊರಟರು. ಯಾರೂ ಕರೆಯದಿದ್ದರೂ ಹೋಗಿ, ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿ, ಇಳಿಸಬೇಕಾದ್ದನ್ನು ಇಳಿಸಿರೆಂದರು. ತರೀಕೆರೆಯ ತೀರ್ಥಪ್ಪನವರು, ಅಂಗಡಿಯವನ ಕಮಿಷನ್ನಿಗೆ ಬಂದಿದ್ದೀಯೆಂದು ಬಾಗಿಲಲ್ಲೇ ಜರೆದರಂತೆ. ಜರೆಸಿಕೊಂಡು, ಜಗಲಿಯಲ್ಲೇ ಕೂತು, ತೀರ್ಥಪ್ಪನವರ ಸಿಟ್ಟಿಳಿದ ಮೇಲೆ ಒಳಗೆ ಹೋಗಿ ನೋಡಿಕೊಟ್ಟೇ ಬಂದರು.

ಕೈಚಳಕವುಳ್ಳವರು ಊರೂರಿಗೂ ಸಿಗುತ್ತಾರೆ. ಹೊಗಳಿಸಿಕೊಂಡು ದಾಟಿಹೋದ ಹೊಸಿಲಿಗೆ, ತಾನು ತಪ್ಪಿದೆನೆಂದು ಹೇಳಲು ತಿರುಗಿ ಬರುವವರು ವಿರಳ. ಅಂಥವರ ಅಭಿಮಾನ ಕೆಲಸದ ಮೇಲಿನದಲ್ಲ, ಆ ಕೆಲಸದ ಆಸರೆಯಲ್ಲಿ ಬದುಕುವವರ ಮೇಲಿನದು. ಹಾಗೆ ತಿರುಗಿ ಬಂದವರ ಹೆಸರನ್ನೂ ನೆನೆಯದೆ, ಬೆಳಗಿನ ನಿದ್ದೆಗಣ್ಣಿನಲ್ಲಿ, ನಾವು ನಿರ್ಭಯವಾಗಿ ನಲ್ಲಿ ತಿರುಗಿಸುತ್ತೇವೆ.