ಅಕ್ಕಾರ, ಫೋನ್ ಯಾಕ ಮಾಡಿದ್ರಿ?

ನಾನು ಒಂದು ಟೆಲಿಫೋನು. ಜೇಬಿನಲ್ಲಿ ಊರೆಲ್ಲ ಸುತ್ತುವ ಈಗಿನ ಜಾತಿಯವನಲ್ಲ. ಮೇಜಿನ ಮೇಲೆ ಕೂತಲ್ಲೇ ಕೂತು, ಗೋಡೆಯಿಂದ ಬಂದ ತಂತಿಗೆ ಕಟ್ಟಿಸಿಕೊಂಡು ಬಾಳಿದವನು. ಹುಟ್ಟಿದ್ದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ. ಕೆನೆ ಬಣ್ಣದ ಮೈ, ಹನ್ನೆರಡು ಗುಂಡಿ, ಸುರುಳಿ ವೈರು, ತಲೆಯ ಮೇಲೆ ರಿಸೀವರು. ನನ್ನನ್ನು ಜೋಡಿಸಿದವರೆಲ್ಲ ಹೆಂಗಸರು. ಸಾಲಿನ ಕೊನೆಯಲ್ಲಿ ಕೂತ ಒಬ್ಬಾಕೆ ಪ್ರತಿಯೊಂದು ಫೋನನ್ನೂ ಕಿವಿಗೆ ಹಿಡಿದು ‘ಹಲೋ’ ಎನ್ನಬೇಕು, ಅವಳ ದನಿ ಅವಳಿಗೇ ಕೇಳಿಸಿದರೆ ನಾವು ಪಾಸು. ಆಕೆ ನನ್ನನ್ನು ಕಿವಿಗೆ ಹಿಡಿದಾಗ ಮಾತಾಡುವ ಮೊದಲು ಒಂದು ಗಳಿಗೆ ಸುಮ್ಮನಿದ್ದಳು. ದಣಿದಿದ್ದಳೋ ಏನೋ. ಆ ಗಳಿಗೆಯಲ್ಲಿ ಅವಳ ಉಸಿರು ನನಗೆ ಕೇಳಿಸಿತು. ನಾನು ಈ ಲೋಕದಲ್ಲಿ ಕೇಳಿದ ಮೊದಲ ಸದ್ದು ಅದು.

ಮೊದಲು ನಾನು ಸೇರಿದ್ದು ಗದಗಿನ ಒಂದು ಮುದ್ರಣಾಲಯವನ್ನು. ಯಜಮಾನರು ಶಿವಪುತ್ರಪ್ಪ ಕಡಗದ. ಊರು ದೂರವಾದಷ್ಟೂ ದನಿ ಏರಿಸಬೇಕು ಎಂದು ನಂಬಿದ್ದ ಮನುಷ್ಯ. ಹುಬ್ಬಳ್ಳಿಗೆ ಒಂದು ದನಿಯಾದರೆ ಸೊಲ್ಲಾಪುರಕ್ಕೆ ಅದರ ಎರಡರಷ್ಟು. ಅವರ ಬಾಯಿಂದ ನಾನು ಕೇಳಿದ್ದೆಲ್ಲ ಮದುವೆ ಕಾರ್ಡಿನ ಸುದ್ದಿ: ವರನ ಹೆಸರಿಗೆ ಮೊದಲು ಚಿ. ಬೇಕೋ ಡಾ. ಬೇಕೋ, ಸೋದರಮಾವನ ಹೆಸರು ಬಿಟ್ಟುಹೋಗಿ ಅವನು ಮುನಿಸಿಕೊಂಡದ್ದು. ಅಚ್ಚುಮೊಳೆ ಕೂರಿಸಿದ ಬೆರಳಲ್ಲವೇ, ಗುಂಡಿಗಳನ್ನೂ ಹಾಗೇ ಕುಟ್ಟುತ್ತಿದ್ದರು. ಅವರು ಕುಟ್ಟಿ ಕುಟ್ಟಿ ನನ್ನ ಐದರ ಗುಂಡಿ ಜಗ್ಗಿಹೋಯಿತು. ಅಂದಿನಿಂದ ಐದನ್ನು ಒತ್ತಿ ಹಿಡಿದರೆ ಮಾತ್ರ ಹತ್ತುತ್ತಿತ್ತು.

ಬಸ್ ಸ್ಟ್ಯಾಂಡ್ ಹಿಂದೆ ಹೊಸದಾಗಿ ಒಂದು ಮಹಿಳಾ ಸಹಾಯ ಕೇಂದ್ರ ಶುರುವಾಗಿತ್ತು. ಅಲ್ಲಿಂದ ಕರಪತ್ರ ಅಚ್ಚು ಹಾಕಿಸಲು ಒಬ್ಬಳು ಬಂದಿದ್ದಳು. ಲೈನು ಬಂದಿದೆ, ಕೊಟ್ಟ ಫೋನು ಮಾತ್ರ ಸತ್ತಿದೆ ಎಂದು ಮಾತಿನ ನಡುವೆ ಹೇಳಿದಳು. ಶಿವಪುತ್ರಪ್ಪ ನನ್ನ ತಂತಿ ಕಿತ್ತು ಅವಳ ಕೈಗೇ ಕೊಟ್ಟುಬಿಟ್ಟರು.

“ಒಯ್ಯವಾ ತಂಗಿ. ನನಗ ಮಗಾ ಹೊಸಾದು ತಂದಾನ. ಐದು ಮಾತ್ರ ಸ್ವಲ್ಪ ಜೋರಾಗಿ ಒತ್ತು.”

ಅವಳು ಕಸ್ತೂರಿ ಹಾದಿಮನಿ. ಆಪ್ತ ಸಮಾಲೋಚಕಿ ಎನ್ನುವುದು ಅವಳ ಹುದ್ದೆಯ ಹೆಸರು. ಹೊಡೆತ ತಿಂದು ಬಂದ ಹೆಂಗಸರ ಎದುರು ಕೂತು ಕೇಳುವುದು, ದಾರಿ ಇದ್ದರೆ ತೋರಿಸುವುದು ಅವಳ ಕೆಲಸ. ಬಂದವರಿಗೆಲ್ಲ ಅವಳು ಕಸ್ತೂರಕ್ಕ. ನನಗೂ ಹಾಗೇ ಆದಳು.

ಕೇಂದ್ರವೆಂದರೆ ಹಳೇ ಕಟ್ಟಡದ ಮಹಡಿಯ ಮೇಲೆ ಎರಡು ಕೋಣೆ, ನಾಲ್ಕು ಕುರ್ಚಿ, ಒಂದು ಬೀರು. ನನ್ನ ಪಕ್ಕದಲ್ಲಿ ಯಾವಾಗಲೂ ಒಂದು ತಂಬಿಗೆ ನೀರು. ಬಂದವರು ಮೊದಲು ನೀರು ಕುಡಿಯುತ್ತಿದ್ದರು, ಆಮೇಲೆ ಅಳುತ್ತಿದ್ದರು. ಮದುವೆ ಕಾರ್ಡಿನ ಸುದ್ದಿಯನ್ನೇ ಕೇಳಿ ಬೆಳೆದ ನಾನು, ಆ ಮದುವೆಗಳ ಮುಂದಿನ ಸುದ್ದಿಯನ್ನು ಕೇಳಿದ್ದು ಇಲ್ಲಿ. ಮೊದಮೊದಲು ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಕಸ್ತೂರಕ್ಕ ಧಾರವಾಡದಲ್ಲಿ ಐದು ದಿನದ ತರಬೇತಿ ಮುಗಿಸಿ ಬಂದಿದ್ದಳು. ಕಲಿಸಿದವರು ರೆಬೆಕ್ಕಾ ಮೇಡಂ, ನರ್ಸ್ ಆಗಿ ನಿವೃತ್ತರಾದ ಹಿರಿಯರು. ತರಬೇತಿಯಲ್ಲಿ ಕೊಟ್ಟ ನೀಲಿ ರಟ್ಟಿನ ಪುಸ್ತಕ ಅವಳಿಗೆ ದೇವರ ಸಮಾನ. ಅದರಲ್ಲಿನ ಫೋನಿನ ನಿಯಮಗಳನ್ನು ದುಂಡಗೆ ಬರೆದು ನನ್ನ ಹಿಂದಿನ ಗೋಡೆಗೆ ಅಂಟಿಸಿದಳು. ಮೊದಲನೆಯ ನಿಯಮ ಇದು: ‘ಕರೆ ಮಾಡಿದ ಕೂಡಲೇ ನಿಮ್ಮ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಸ್ಪಷ್ಟವಾಗಿ ತಿಳಿಸಿ.’ ಯಾರೂ ಇಲ್ಲದಾಗ ನನ್ನ ರಿಸೀವರ್ ಎತ್ತಿ, ನಂಬರ್ ಒತ್ತದೆಯೇ, ಆ ವಾಕ್ಯವನ್ನು ಅಭ್ಯಾಸ ಮಾಡುತ್ತಿದ್ದಳು. ಹತ್ತು ಸಲ, ಇಪ್ಪತ್ತು ಸಲ. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ನನಗೆ ನಗು ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಎರಡನೆಯ ವರ್ಷ ಫಕ್ಕೀರವ್ವ ಬಂದಳು. ಬೆಟಗೇರಿಯ ನೇಕಾರರ ಮನೆಯ ಸೊಸೆ. ಲಾಳಿ ಎಸೆದು ಎಸೆದು ಗಟ್ಟಿಯಾದ ಕೈ, ಆ ಕೈಯ ಮೇಲೆ ಬೀಡಿಯಲ್ಲಿ ಸುಟ್ಟ ಕಲೆಗಳು. ನೂಲು ತರುವ ನೆಪದಲ್ಲಿ ಮೂರು ಸಲ ಬಂದು ಹೋದಳು. ಮೊದಲ ಸಲ ಬರೀ ನೀರು ಕುಡಿದು ಎದ್ದಳು. ಎರಡನೆಯ ಸಲ ಅರ್ಧ ಹೇಳಿದಳು. ಮೂರನೆಯ ಸಲ ಪೂರ್ತಿ ಹೇಳಿ, ಕಣ್ಣೊರೆಸಿಕೊಂಡು, “ಸ್ವಲ್ಪ ದಿನಾ ಕೊಡ್ರಿ ಅಕ್ಕಾರ. ನನ್ನ ತಂಗೀಗೆ ಸುದ್ದಿ ಮುಟ್ಟಿಸಿ ದಾರಿ ಮಾಡ್ಕೊಂತೀನಿ. ಆಮ್ಯಾಲ ಕಂಪ್ಲೇಂಟ್ ಕೊಡೂಣು” ಎಂದಳು.

ಬಂದವರ ವಿವರ ತುಂಬುವ ಅರ್ಜಿಯಲ್ಲಿ ಫೋನ್ ನಂಬರಿಗೆ ಒಂದು ಖಾಲಿ ಜಾಗವಿತ್ತು. ಆ ಜಾಗ ಖಾಲಿ ಬಿಡಬಾರದಲ್ಲವೇ!

“ಮನ್ಯಾಗ ಒಂದ ಮೊಬೈಲ್ ಐತ್ರಿ, ಅವರ್ದು. ಮಧ್ಯಾಹ್ನ ಚಾರ್ಜಿಗೆ ಹಚ್ಚಿ ಹೊರಗ ಹೋಗಿರ್ತಾರ” ಎಂದು ಫಕ್ಕೀರವ್ವ ನಂಬರ್ ಹೇಳಿದಳು. ಅದರಲ್ಲಿ ಎರಡು ಐದು ಇದ್ದವು.

ಹದಿನೈದು ದಿನಕ್ಕೊಮ್ಮೆ ವಿಚಾರಿಸಿಕೊಳ್ಳಬೇಕು ಎಂಬುದು ಇನ್ನೊಂದು ನಿಯಮ. ಹದಿನಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಕಸ್ತೂರಕ್ಕ ನನ್ನನ್ನು ಎತ್ತಿಕೊಂಡಳು. ಮೊದಲನೆಯ ಐದು ಹತ್ತಲಿಲ್ಲ. ಇಟ್ಟು, ಮತ್ತೆ ಒತ್ತಿದಳು. ಈ ಸಲ ಹತ್ತಿತು. ಆವತ್ತು ಆ ಗುಂಡಿ ಪೂರ್ತಿ ಕೆಟ್ಟು ಕೂತಿರಬಾರದಿತ್ತೇ ಎಂದು ನಾನು ಎಷ್ಟು ಸಲ ಹಲುಬಿದ್ದೇನೋ ಲೆಕ್ಕವಿಲ್ಲ.

ಆ ಕಡೆ ಯಾರೋ ಫೋನ್ ಎತ್ತಿದರು. ಎತ್ತಿದವರು ಬಾಯಿ ಬಿಡುವ ಮೊದಲೇ ಇವಳು ಗೋಡೆಯ ಮೇಲಿನ ನಿಯಮದಂತೆ, ಇಪ್ಪತ್ತು ಸಲ ಕಲಿತ ವಾಕ್ಯವನ್ನು ಒಂದು ಅಕ್ಷರವೂ ತಪ್ಪದೆ ಹೇಳಿದಳು.

“ನಮಸ್ಕಾರ. ನಾನು ಕಸ್ತೂರಿ ಹಾದಿಮನಿ, ಮಹಿಳಾ ಸಹಾಯ ಕೇಂದ್ರದಿಂದ ಮಾತಾಡ್ತಾ ಇದ್ದೇನೆ. ಫಕ್ಕೀರವ್ವ ಅವರು ಇದ್ದಾರೆಯೇ?”

ಆ ಕಡೆಯಿಂದ ಬಂದದ್ದು ಒಂದು ಗಂಡಸಿನ ದನಿ, ಬಹಳ ಮೆತ್ತಗೆ. “ಎಲ್ಲಿಂದ ಅಂದ್ರಿ?”

ಅವನು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಕಿವಿಯಿಂದ ತೆಗೆದು, “ಏ ಫಕ್ಕೀರಿ, ಬಾ ಇಲ್ಲಿ” ಎಂದ. ಮಗ್ಗದ ಸದ್ದು ನಿಂತಿತು. ಬಳೆಯ ಸದ್ದು ಹತ್ತಿರ ಬಂತು. ಲೈನು ಕಡಿಯಿತು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಕಸ್ತೂರಕ್ಕ ಮಹಿಳಾ ಪೊಲೀಸರನ್ನು ಕರೆದುಕೊಂಡು ಆಗಲೇ ಓಡಿದಳು. ಮನೆಗೆ ಬೀಗ. ಮರುದಿನ ದೊಡ್ಡಾಸ್ಪತ್ರೆಯಲ್ಲಿ ಫಕ್ಕೀರವ್ವ ಸಿಕ್ಕಳು. ಬಲ ಮುಂಗೈ ಮುರಿದಿತ್ತು, ದವಡೆ ಬಾತಿತ್ತು. ಮೆಟ್ಟಿಲಿಂದ ಬಿದ್ದೆ ಎಂದು ಬರೆಸಿದ್ದಳು. ಪೊಲೀಸರು ಕೇಳಿದರೂ ಅದೇ ಮಾತು. ಎಲ್ಲರೂ ಹೊರಗೆ ಹೋದ ಮೇಲೆ ಕಸ್ತೂರಕ್ಕನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದಳಂತೆ.

“ಅಕ್ಕಾರ, ಫೋನ್ ಯಾಕ ಮಾಡಿದ್ರಿ?”

ಫಕ್ಕೀರವ್ವ ಗೋಡೆಯ ಕಡೆ ಹೊರಳಿದಳು. ಪಟ್ಟಿ ಬಿಚ್ಚುವ ಮೊದಲೇ ಗಂಡ ಅವಳನ್ನು ಮಹಾರಾಷ್ಟ್ರದ ಮಗ್ಗದ ಊರು ಇಚಲಕರಂಜಿಯ ಕಡೆ ಕರೆದೊಯ್ದ ಎಂಬ ಸುದ್ದಿ ಬಂತು. ಕಸ್ತೂರಕ್ಕ ಅಲ್ಲಿಯ ಠಾಣೆಗೆ ಕಾಗದ ಬರೆದಳು, ಎರಡು ಸಲ ಖುದ್ದು ಹೋಗಿ ಬಂದಳು. ಅಷ್ಟು ದೊಡ್ಡ ಊರಿನಲ್ಲಿ ಅವರು ಸಿಗಲಿಲ್ಲ.

ಆಮೇಲೆ ಕಸ್ತೂರಕ್ಕ ನನ್ನನ್ನು ಮುಟ್ಟುವುದನ್ನೇ ಬಿಟ್ಟಳು. ನಾನು ಹೊಡೆದುಕೊಂಡರೆ ಬೆಚ್ಚುತ್ತಿದ್ದಳು, ಬೇರೆಯವರು ಬಂದು ಎತ್ತಬೇಕಾಗುತ್ತಿತ್ತು. ಊಟದ ಡಬ್ಬಿ ತೆರೆಯದೆ ವಾಪಸ್ ಹೋಗುತ್ತಿತ್ತು. ಒಂದು ದಿನ ರಾಜೀನಾಮೆ ಪತ್ರ ಬರೆದು ನನ್ನ ಕೆಳಗೇ ಇಟ್ಟಳು. ಅವಳು ಹೋದರೆ ಆ ತಂಬಿಗೆಗೆ ನೀರು ತುಂಬುವವರು ಯಾರು ಎಂದು ನನಗೆ ನಿಜಕ್ಕೂ ಭಯವಾಯಿತು.

ರೆಬೆಕ್ಕಾ ಮೇಡಂ ಧಾರವಾಡದಿಂದ ಬಂದರು. ಕಸ್ತೂರಕ್ಕ ಎಲ್ಲವನ್ನೂ ಹೇಳಿ, “ನನ್ನ ಬಾಯಿಂದ ಒಬ್ಬಾಕಿ ಕೈ ಮುರೀತ್ರಿ ಮೇಡಂ. ನನಗ ಈ ಕೆಲಸ ಬ್ಯಾಡ” ಎಂದಳು.

ಆಯಮ್ಮ ಸಮಾಧಾನದ ಮಾತು ಆಡುತ್ತಾರೆಂದು ನಾನು ಕಾದೆ. ಆಡಲಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ಬಹಳ ಹೊತ್ತು ಓದಿದರು.

“ಕೈ ಮುರಿದಂವಾ ಅಂವಾ. ಅದನ್ನ ಮರೀಬ್ಯಾಡ. ಆದ್ರ ಈ ಮಾತು ನಿನಗ ಕಲಿಸಿದಾಕಿ ನಾನು” ಎಂದರು. “ಬ್ಯಾಂಕಿನವ್ರಿಗೆ, ಆಫೀಸಿನವ್ರಿಗೆ ಕಲಿಸೋ ಪಾಠಾನ ಹಂಗ ತಂದು ಈ ಪುಸ್ತಕದಾಗ ಹಾಕೀವಿ. ಆ ಕಡೆ ಯಾರು ಎತ್ತತಾರ ಅಂತ ನಮ್ಮೊಳಗ ಒಬ್ರೂ ಯೋಚನೆ ಮಾಡಲಿಲ್ಲ.”

ನೀಲಿ ಪುಸ್ತಕ ತೆರೆದು, ಮೊದಲನೆಯ ನಿಯಮವನ್ನು ಪೆನ್ನಿನಿಂದ ಹೊಡೆದು ಹಾಕಿದರು. ಪೆನ್ನನ್ನು ಕಸ್ತೂರಕ್ಕನ ಮುಂದೆ ಇಟ್ಟರು.

“ಹೋಗೂದಿದ್ರ ಹೋಗು. ಬ್ಯಾಡ ಅನ್ನಂಗಿಲ್ಲ. ಆದ್ರ ಇಲ್ಲೆ ಏನ್ ಬರೀಬೇಕು ಅಂತ ನಿನಗಷ್ಟ ಗೊತ್ತೈತಿ. ಅದನ್ನ ಬರದು ಹೋಗು.”

ಆ ಹೆಂಗಸಿನ ಮೇಲೆ ನನಗೆ ಸಿಟ್ಟೂ ಬಂತು, ಕಾಲಿಗೆ ಬೀಳಬೇಕು ಎಂದೂ ಅನ್ನಿಸಿತು. ಕಸ್ತೂರಕ್ಕ ಅವತ್ತು ಬರೆಯಲಿಲ್ಲ. ನಾಲ್ಕು ದಿನ ಬಿಟ್ಟು ಬರೆದಳು: ‘ಮೊದಲು ಸುಮ್ಮನಿರಿ. ಎತ್ತಿದವರು ಯಾರೆಂದು ಕೇಳಿಸಿಕೊಳ್ಳಿ. ಅವಳಲ್ಲದಿದ್ದರೆ ಏನು ಹೇಳಬೇಕೆಂದು ಅವಳನ್ನೇ ಮೊದಲು ಕೇಳಿಟ್ಟುಕೊಳ್ಳಿ. ಫೋನೇ ಬೇಡ ಎಂದರೆ ಅರ್ಜಿಯಲ್ಲಿ ನಂಬರಿನ ಜಾಗ ಖಾಲಿ ಬಿಡಿ.’ ನನ್ನ ಕೆಳಗಿದ್ದ ರಾಜೀನಾಮೆ ಪತ್ರ ಎರಡು ವರ್ಷ ಅಲ್ಲೇ ಇತ್ತು. ಆಮೇಲೆ ಧೂಳು ಒರೆಸುವಾಗ ಅವಳೇ ಹರಿದು ಹಾಕಿದಳು.

ರೆಬೆಕ್ಕಾ ಮೇಡಂ ಇನ್ನೊಂದು ಪದ್ಧತಿ ಮಾಡಿದರು. ತಿಂಗಳಿಗೊಂದು ದಿನ ಕೇಂದ್ರದವರೆಲ್ಲ ಬಾಗಿಲು ಹಾಕಿಕೊಂಡು ಕೂರಬೇಕು. ಬಂದವರ ಕಥೆಯಲ್ಲ, ತಮ್ಮ ಕಥೆ ಹೇಳಬೇಕು: ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಯಾವ ಮಾತು ಮನೆಗೂ ಬೆನ್ನು ಹತ್ತಿ ಬಂತು. ಆ ಒಂದು ತಾಸು ನನ್ನನ್ನು ಪಕ್ಕದ ಕೋಣೆಗೆ ಒಯ್ದು ಹೊರಗಿನಿಂದ ಕರೆಸಿದ ಒಬ್ಬರ ಕೈಗೆ ಕೊಡುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ಆದರೆ ಹೊರಗೆ ಬಂದ ಮೇಲೆ ಕಸ್ತೂರಕ್ಕ ಡಬ್ಬಿ ತೆರೆದು ಊಟ ಮಾಡುವುದನ್ನು ನೋಡಿ ಸುಮ್ಮನಾಗುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ನಾನು ಎಷ್ಟು ವೇಷ ಹಾಕಿದೆ ಎಂದರೆ ನನಗೇ ನಗು. ಒಬ್ಬಳ ಮನೆಗೆ ನಾನು ದರ್ಜಿ ಅಂಗಡಿ: “ಬ್ಲೌಸ್ ಹೊಲಿದಾಗೇತಿ, ಬಂದು ಒಯ್ಯಾಕ ಹೇಳ್ರಿ.” ಇನ್ನೊಬ್ಬಳ ಮನೆಗೆ ಗ್ಯಾಸ್ ಏಜೆನ್ಸಿ. ಮತ್ತೊಬ್ಬಳ ಮನೆಗೆ ಶಾಲೆಯ ತಾಯಂದಿರ ಸಭೆ. ಸುಳ್ಳು ಹೇಳಿದ ಪಾಪ ನನಗೆ ತಟ್ಟುವುದಾದರೆ ತಟ್ಟಲಿ. ಬ್ಲೌಸ್ ಒಯ್ಯಲು ಬಂದವರೆಲ್ಲ ಮಹಡಿ ಹತ್ತಿ ಬಂದು ಆ ತಂಬಿಗೆಯ ನೀರು ಕುಡಿದರು.

ಕಾಲ ಬದಲಾಯಿತು. ಕೇಂದ್ರಕ್ಕೆ ಮೊಬೈಲುಗಳು ಬಂದವು, ನನ್ನ ಲೈನು ಕಡಿದರು. ಗುಜರಿಯವನು ಬಂದಾಗ ನಾನು ಒಡೆದ ಕುರ್ಚಿಗಳ ಜೊತೆ ಮೂಲೆಯಲ್ಲಿದ್ದೆ. ಕಸ್ತೂರಕ್ಕ ಬಂದು ನನ್ನನ್ನು ಎತ್ತಿ, ಸೆರಗಿನಿಂದ ಒರೆಸಿ, ಚೀಲದಲ್ಲಿ ಹಾಕಿಕೊಂಡಳು. ಆ ಹೊತ್ತಿಗೆ ಅವಳೇ ತರಬೇತಿ ಕೊಡುವವಳಾಗಿದ್ದಳು.

ಹೀಗೆ ನನ್ನ ಮುಪ್ಪಿನ ಕಾಲ ತರಬೇತಿಯ ಕೋಣೆಯಲ್ಲಿ ಕಳೆಯಿತು. ಜಮಖಾನದ ನಡುವೆ ನಾನು, ಸುತ್ತಲೂ ನರ್ಸುಗಳು, ಆಶಾ ಕಾರ್ಯಕರ್ತೆಯರು, ಮಹಿಳಾ ಪೊಲೀಸರು. ಒಬ್ಬೊಬ್ಬರೇ ನನ್ನನ್ನು ಎತ್ತಿ ಫೋನ್ ಮಾಡಿದಂತೆ ನಟಿಸಬೇಕು. ಆ ಕಡೆಯವನ ಪಾತ್ರ ಯಾವಾಗಲೂ ಕಸ್ತೂರಕ್ಕನದು. “ಎಲ್ಲಿಂದ ಅಂದ್ರಿ?” ಎಂದು ಬಹಳ ಮೆತ್ತಗೆ ಕೇಳುತ್ತಿದ್ದಳು. ಆಮೇಲೆ ಫಕ್ಕೀರವ್ವನ ಹೆಸರು ಬದಲಿಸಿ, ತನ್ನ ಹೆಸರು ಬದಲಿಸದೆ, ನಡೆದದ್ದನ್ನು ಹೇಳುತ್ತಿದ್ದಳು. ಪ್ರತಿ ತಂಡಕ್ಕೂ ಹೇಳಿದಳು.

ಅವಳು ನಿವೃತ್ತಳಾಗುವ ಮುಂಚಿನ ಕೊನೆಯ ತರಬೇತಿಯಲ್ಲಿ ರುಕ್ಸಾನಾ ನದಾಫ ಎಂಬ ಹೊಸ ಕಾನ್ಸ್‌ಟೇಬಲ್ ಎದ್ದು ನಿಂತಳು. “ಮೇಡಂ, ಎಲ್ಲಾರೂ ಫೋನ್ ಮಾಡಿದ್ವಿ. ನೀವೊಬ್ರು ಮಾಡಲಿಲ್ಲ. ಇವತ್ತ ನೀವು ಮಾಡ್ರಿ. ನಾನು ಆ ಅಕ್ಕ ಆಗತೀನಿ.”

ಕಸ್ತೂರಕ್ಕ ನನ್ನನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಎತ್ತಿಕೊಂಡಳು. ಯಾವುದೋ ಒಂದು ನಂಬರ್ ಒತ್ತಿದರೂ ನಡೆಯುತ್ತಿತ್ತು, ನನಗೆ ತಂತಿಯೇ ಇರಲಿಲ್ಲ. ಆದರೆ ಅವಳು ಮೊದಲು ಮೂರು ಅಂಕಿ ಒತ್ತಿ, ಐದನ್ನು ಒತ್ತಿ ಹಿಡಿದಳು. ಮತ್ತೆ ಎರಡು ಅಂಕಿ. ಮತ್ತೊಂದು ಐದನ್ನು ಒತ್ತಿ ಹಿಡಿದಳು. ಯಾವ ನಂಬರೆಂದು ನನಗೆ ಗೊತ್ತಾಯಿತು. ಹದಿನೇಳು ವರ್ಷವಾದರೂ ಅವಳ ಬೆರಳು ಮರೆತಿರಲಿಲ್ಲ.

ಅವಳು ಮಾತಾಡಲಿಲ್ಲ. ಕಾದಳು.

ಎದುರಿಗೆ ಕೂತ ಹುಡುಗಿ ಕೈಯನ್ನೇ ಫೋನಿನಂತೆ ಕಿವಿಗೆ ಹಿಡಿದು, ಸಣ್ಣ ದನಿಯಲ್ಲಿ ಕೇಳಿದಳು. “ಅಕ್ಕಾರ, ಫೋನ್ ಯಾಕ ಮಾಡಿದ್ರಿ?”

ಕಸ್ತೂರಕ್ಕನ ಕಣ್ಣೀರು ನನ್ನ ಗುಂಡಿಗಳ ಮೇಲೆ ಬಿತ್ತು.

“ನೀ ಹೆಂಗದೀ ಅಂತ ಕೇಳಾಕ ಮಾಡಿದ್ದೆ ನಮ್ಮವ್ವಾ. ಕೇಳೂದು ಹೆಂಗ ಅಂತ ನನಗ ಗೊತ್ತಿರಲಿಲ್ಲ. ತಪ್ಪಾತು. ನೀ ಎಲ್ಲೇ ಇರು, ಅಂವ ಹೊಡದದ್ದು ನಿನ್ನ ತಪ್ಪಲ್ಲ. ಈಗ ನಮ್ಮ ಹುಡುಗ್ಯಾರು ಫೋನ್ ಮಾಡಿದ್ರ ಯಾರ ಕೈನೂ ಮುರಿಯಂಗಿಲ್ಲ, ಅಷ್ಟು ಕಲಿಸೀನಿ.”

ನನ್ನ ಜೀವಮಾನದಲ್ಲಿ ಸಾವಿರಾರು ಮಾತು ಹೊತ್ತು ದಾಟಿಸಿದ್ದೇನೆ. ದಾಟಿಸಲೇಬೇಕಾಗಿದ್ದ ಈ ಮಾತಿನ ಹೊತ್ತಿಗೆ ನನಗೆ ತಂತಿ ಇರಲಿಲ್ಲ. ಫಕ್ಕೀರವ್ವ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ನೋವು ನನ್ನ ಜೊತೆಗೇ ಇರುತ್ತದೆ.

ಕಸ್ತೂರಕ್ಕ ಈಗ ಮನೆಯಲ್ಲಿದ್ದಾಳೆ. ನಾನು ತರಬೇತಿ ಕೋಣೆಯ ಬೀರುವಿನಲ್ಲಿ, ಹೊಸ ಆವೃತ್ತಿಯ ನೀಲಿ ಪುಸ್ತಕಗಳ ಪಕ್ಕದಲ್ಲಿದ್ದೇನೆ. ಕಲಿಸುವ ಕೆಲಸ ಈಗ ರುಕ್ಸಾನಾಳದು. ಕಳೆದ ತಿಂಗಳು ಹೊಸ ತಂಡ ಬಂತು. ಮುಂಡರಗಿ ಕಡೆಯ ಒಬ್ಬ ನರ್ಸು ಮೊದಲು ನನ್ನನ್ನು ಎತ್ತಿದಳು, ಗುಂಡಿ ಒತ್ತಿದಳು, ಕಿವಿಗೆ ಹಿಡಿದಳು. ಒಂದು ಗಳಿಗೆ ಅವಳ ಉಸಿರಷ್ಟೇ ನನಗೆ ಕೇಳಿಸಿತು. ಆ ಕಡೆ ಎತ್ತಿದವರು ಯಾರು ಎಂದು ಅವಳು ಕೇಳಿಸಿಕೊಳ್ಳುತ್ತಿದ್ದಳು.