ದಾಸವಾಳ ಮುಡಿಸಿದ ಪೆಟ್ಟಿಗೆ

ಆಯುಧಪೂಜೆಯ ದಿನ ಹೋಟೆಲಿನವರ ಮನೆಯಲ್ಲಿ ಕುಂಕುಮ ತಪ್ಪಿಸಿಕೊಳ್ಳುವ ಯಂತ್ರವೇ ಇಲ್ಲ. ಮುಂಬಯಿಯ ಗ್ರಾಂಟ್ ರೋಡಿನಲ್ಲಿ ಉಡುಪಿ ಹೋಟೆಲ್ ನಡೆಸುವ ರಮಾನಾಥರ ಮುಲುಂಡಿನ ಮನೆಯಲ್ಲೂ ಗ್ರೈಂಡರಿಗೆ, ಮಿಕ್ಸಿಗೆ ಕುಂಕುಮ ಬಿತ್ತು. ಆಸ್ಪತ್ರೆಯವರು ಮಂಚದ ಪಕ್ಕ ಇಡಲು ಕೊಟ್ಟಿದ್ದ ಪುಟ್ಟ ಪೆಟ್ಟಿಗೆಯನ್ನೂ ಹೆಂಡತಿ ವಾರಿಜಾ ಬಿಡಲಿಲ್ಲ. ಪ್ಲಗ್ ಕಿತ್ತು, ದಾಸವಾಳ ಮುಡಿಸಿ, ದೇವರ ಪಕ್ಕ ಕೂರಿಸಿದರು. ಹಬ್ಬ ಮುಗಿದರೂ ಅದು ಅಲ್ಲೇ ಉಳಿಯಿತು.

ರಮಾನಾಥರ ಎದೆಯ ಎಡಭಾಗದಲ್ಲಿ ಡಾಕ್ಟರು ಐಸಿಡಿ ಎಂಬ ಯಂತ್ರ ಇಟ್ಟಿದ್ದರು. ಹೃದಯದ ಬಡಿತ ಪ್ರಾಣಕ್ಕೆ ಕುತ್ತಾಗುವಷ್ಟು ಹದ ತಪ್ಪಿದರೆ ಅದು ಶಾಕ್ ಕೊಟ್ಟು ಸರಿಪಡಿಸುತ್ತದೆ. ಒಳಗೇ ಕಾವಲಿದೆಯಲ್ಲ ಎಂದು ಅವರು ಮಾತ್ರೆಯನ್ನೇ ಬಿಟ್ಟುಬಿಟ್ಟರು. ತಪಾಸಣೆಗೆ ಕರೆದರೆ, ಊಟದ ಹೊತ್ತಿಗೆ ಗಲ್ಲಾ ಬಿಟ್ಟು ಬರಲಾರೆ ಎನ್ನುತ್ತಿದ್ದರು.

ಪೆಟ್ಟಿಗೆಯಿಂದ ಸುದ್ದಿಯೇ ಬರುತ್ತಿಲ್ಲ ಎಂದು ಆಸ್ಪತ್ರೆಯಿಂದ ಫೋನ್ ಬಂತು. ವಾರಿಜಾ ಗಾಬರಿಯಾಗಿ ಪಕ್ಕದ ಮನೆಯ ಜುಬೇದಾಳನ್ನು ಕರೆತಂದರು. ವಿಜಯಪುರದ ಈ ಹೆಣ್ಣುಮಗಳು ಹೃದಯರೋಗ ವಿಭಾಗದ ನರ್ಸ್. ಹೂ ಮುಡಿದ ಪೆಟ್ಟಿಗೆ ನೋಡಿ ಅವಳು ನಗಲಿಲ್ಲ.

"ಕರೆಂಟಿನ ಪೆಟ್ಟಿಗೆ ಮಂಚದ ಹತ್ರ ಇದ್ರೆ ಇವರ ಎದೆಗೆ ಏನಾದ್ರೂ ಆದೀತು ಅಂತ ಹೆದರಿಕೆ ಆಯ್ತು," ಎನ್ನುವಾಗ ವಾರಿಜಾರ ಕಣ್ಣು ತುಂಬಿತು.

"ಏನೂ ಆಗೂದಿಲ್ರಿ ಅಕ್ಕಾರ. ಎದಿಯೊಳಗಿನ ಮಿಷನ್ನಿನ ಬ್ಯಾಟರಿ ಇಳದದೋ, ಅದರಿಂದ ಹೃದಯಕ್ಕ ಹೋಗೂ ವೈರ್ ಸಡಲಾಗೇದೋ ಅಂತ ಡಾಕ್ಟರಿಗೆ ಹೇಳೂದ ಈ ಪೆಟ್ಟಿಗಿ."

ರಮಾನಾಥರು ಸುಲಭಕ್ಕೆ ಜಗ್ಗುವವರಲ್ಲ. "ಮಿಷನ್ ಉಂಟಲ್ಲ, ಮತ್ತೆ ಮಾತ್ರೆ ಯಾಕೆ?"

"ಹೋಟೆಲ್‌ದಾಗ ಬೆಂಕಿ ಆರಿಸೂ ಸಿಲಿಂಡರ್ ಇಟ್ಟೀರಿ ಅಂತ ಗ್ಯಾಸ್ ಪೈಪ್ ನೋಡೂದು ಬಿಟ್ಟೀರೇನ್ರಿ ಅಣ್ಣಾರ? ಮಿಷನ್ ಬೆಂಕಿ ಆರಸ್ತದ. ಬೆಂಕಿ ಹತ್ತದಂಗ ಕಾಯೂದು ಮಾತ್ರಿ."

ಅಯಸ್ಕಾಂತದ ಸೆಳೆತ ಎದೆಯ ಯಂತ್ರಕ್ಕೆ ಅಡ್ಡಿಯಾದೀತೆಂದು ರಮಾನಾಥರ ಎಡ ಜೇಬಿನ ಮೊಬೈಲನ್ನೂ ಜುಬೇದಾ ತೆಗೆಸಿದಳು. ಇಂಡಕ್ಷನ್ ಒಲೆಯ ಮೇಲೆ ಬಾಗದೆ ಎರಡಡಿ ದೂರ ನಿಲ್ಲಲು ಹೇಳಿದಳು.

ವಾರಿಜಾ ಪೆಟ್ಟಿಗೆಯನ್ನು ಮಂಚದ ಪಕ್ಕ ತಂದು ಪ್ಲಗ್ ಹಾಕಿದರು. ಮರುದಿನವೇ ಆಸ್ಪತ್ರೆಯ ಕರೆ: ವೈರ್ ಸಡಿಲವಾದಂತಿದೆ, ಕೂಡಲೇ ಬನ್ನಿ. ರಮಾನಾಥರು ಗಲ್ಲಾ ಬಿಟ್ಟು ಹೊರಟರು. ಇನ್ನೂ ತಡಮಾಡಿದ್ದರೆ, ಬೇಕಾದ ಗಳಿಗೆಯಲ್ಲಿ ಶಾಕ್ ಹೃದಯಕ್ಕೆ ತಲುಪುತ್ತಲೇ ಇರಲಿಲ್ಲ ಎಂದರು ಡಾಕ್ಟರು. ವೈರ್ ಸರಿಯಾಯಿತು, ಮಾತ್ರೆ ಮತ್ತೆ ಶುರುವಾಯಿತು.

ಮನೆಗೆ ಬಂದ ದಿನ ಅವರು ವಾರಿಜಾರ ಕೈ ಹಿಡಿದು ಮೆಲ್ಲಗೆ ಹೇಳಿದರು: "ಹೂ ದೇವರಿಗೆ ಇಡು. ಪೆಟ್ಟಿಗೆ ನನ್ನ ಹತ್ರ ಇರ್ಲಿ. ನಾನು ನಿನ್ನ ಹತ್ರ ಇರ್ಬೇಕಲ್ಲ."

ನಿಮ್ಮ ಮನೆಯಲ್ಲೂ ಐಸಿಡಿ ಇಟ್ಟುಕೊಂಡವರು ಇದ್ದಾರೆಯೇ? ಇವತ್ತಿನ ಮಾತ್ರೆ ಆಯಿತೇ ಎಂದು ಕೇಳಿ. ಶಾಕ್ ಬಡಿದರೆ ಮುಚ್ಚಿಡದೆ ಡಾಕ್ಟರಿಗೆ ತಿಳಿಸಿ. ತಪಾಸಣೆಗೆ ನೀವೂ ಜೊತೆಗೆ ಹೊರಡಿ. ಮಂಚದ ಪಕ್ಕದ ಪೆಟ್ಟಿಗೆ ಕೊಟ್ಟಿದ್ದರೆ, ಈಗಲೇ ಎದ್ದು ಹೋಗಿ ಅದರ ಪ್ಲಗ್ ನೋಡಿ ಬನ್ನಿ.